ಎಸ್ಸೆಸ್ಸೆಲ್ಸಿ ಆದ ಮೇಲಿನ ಮೊದಲ ಮೂರು ತಿಂಗಳು

(ತಾಲ್ಲೂಕಿನ ಪ್ರೌಢಶಾಲಾ ಶಿಕ್ಷಕರು ಮತ್ತು ಪೋಷಕರ ಸಭೆಯಲ್ಲಿ ಪಾಲಿಟೆಕ್ನಿಕ್ ಉಪನ್ಯಾಸಕರೊಬ್ಬರು ಆಡಿದ ಮಾತುಗಳ ಬರಹ ರೂಪ)

ನೀವು ಮಕ್ಕಳನ್ನು ಕಳಿಸಿಕೊಡುವ ಕಡೆಯವರು, ನಾನು ಬರಮಾಡಿಕೊಳ್ಳುವ ಕಡೆಯವನು. ನಿಮ್ಮ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಬರೆದ ಹುಡುಗ ಮಳೆಗಾಲದ ಹೊತ್ತಿಗೆ ನನ್ನ ಕ್ಲಾಸಿನಲ್ಲಿ ಕೂತಿರುತ್ತಾನೆ. ಡಿಪ್ಲೊಮಾ ಮೊದಲ ಸೆಮಿಸ್ಟರ್. ನಡುವೆ ಇರೋದು ಕೆಲವೇ ತಿಂಗಳು. ಅಷ್ಟರಲ್ಲಿ ಅವನ ಬುದ್ಧಿ ಕಡಿಮೆಯಾಗಿರುವುದಿಲ್ಲ, ಶ್ರದ್ಧೆ ಹೋಗಿರುವುದಿಲ್ಲ. ಆದರೂ ನಿಮ್ಮಲ್ಲಿ ‘ಚೆನ್ನಾಗಿ ಓದೋ ಹುಡುಗ’ ಅನ್ನಿಸಿಕೊಂಡವನು ನಮ್ಮಲ್ಲಿ ಮೊದಲ ಇಂಟರ್ನಲ್ಸ್ (ಕಾಲೇಜಿನೊಳಗಿನ ಕಿರುಪರೀಕ್ಷೆ) ಬರುವಷ್ಟರಲ್ಲಿ ತಲೆ ತಗ್ಗಿಸಿ ಕೊನೇ ಬೆಂಚಿಗೆ ಹೋಗಿರುತ್ತಾನೆ. ಪಿಯು ಕಾಲೇಜಿನ ಸ್ನೇಹಿತರನ್ನು ಕೇಳಿದರೆ ಅವರೂ ಇದೇ ಮಾತು ಹೇಳುತ್ತಾರೆ. ಐಟಿಐನವರೂ ಹೇಳುತ್ತಾರೆ.

ಹೈಸ್ಕೂಲು ಮಕ್ಕಳನ್ನು ಮುಂದಿನ ಓದಿಗೆ, ಕೆಲಸಕ್ಕೆ ಎಷ್ಟರಮಟ್ಟಿಗೆ ತಯಾರು ಮಾಡುತ್ತಿದೆ ಅಂತ ಮಾತಾಡಲು ನನ್ನನ್ನು ಕರೆದಿದ್ದೀರಿ. ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಹೈಸ್ಕೂಲು ಮಕ್ಕಳನ್ನು ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ತಯಾರು ಮಾಡುತ್ತದೆ. ಬೆಳಗಿನ ಕ್ಲಾಸು, ಸಂಜೆ ಕ್ಲಾಸು, ಭಾನುವಾರದ ಕ್ಲಾಸು ಅಂತ ಮೈಮುರಿದು ತಯಾರು ಮಾಡುತ್ತದೆ. ಪರೀಕ್ಷೆ ಮುಗಿದ ಮೇಲಿನ ಮೊದಲ ಮೂರು ತಿಂಗಳಿಗೆ ಮಾತ್ರ ಯಾರೂ ತಯಾರು ಮಾಡುತ್ತಿಲ್ಲ. ಅದು ನಿಮ್ಮ ಪಾಠಪಟ್ಟಿಯಲ್ಲೂ ಇಲ್ಲ, ನಮ್ಮ ಪಾಠಪಟ್ಟಿಯಲ್ಲೂ ಇಲ್ಲ. ಮಕ್ಕಳು ಬೀಳುವುದು ಆ ಮೂರು ತಿಂಗಳಲ್ಲೇ.

2024ರ ಫಲಿತಾಂಶ ನಿಮಗೆಲ್ಲ ನೆನಪಿದೆ. ಆ ವರ್ಷ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್, ಅಂದರೆ ಕ್ಯಾಮೆರಾ ಇಟ್ಟು ದೂರದಿಂದಲೇ ನೋಡುವ ವ್ಯವಸ್ಥೆ ಬಂತು. ಹಿಂದಿನ ವರ್ಷ ಶೇ. 83.89 ಇದ್ದ ಫಲಿತಾಂಶ ಶೇ. 73.40ಕ್ಕೆ ಇಳಿಯಿತು. ಅದೂ ಗ್ರೇಸ್ ಅಂಕವನ್ನು ಶೇ. 10ರಿಂದ 20ಕ್ಕೆ ಏರಿಸಿದ ಮೇಲೆ. ಉಡುಪಿ ಶೇ. 94ಕ್ಕೆ ನಿಂತಿತು, ಯಾದಗಿರಿ ಶೇ. 50.59ಕ್ಕೆ. ಆಮೇಲೆ ವಾರಗಟ್ಟಲೆ ಚರ್ಚೆ ನಡೆಯಿತು. ಯಾಕೆ ಇಳಿಯಿತು, ಯಾರ ತಪ್ಪು, ಗ್ರೇಸ್ ಕೊಟ್ಟಿದ್ದು ಸರಿಯೋ ತಪ್ಪೋ. ಎಲ್ಲ ಬೇಕಾದ ಪ್ರಶ್ನೆಗಳೇ. ಆದರೆ ಪಾಸಾದ ಆ ಶೇ. 73 ಮಕ್ಕಳು ಮುಂದಿನ ತರಗತಿಯಲ್ಲಿ ಕೂತು ಏನು ಮಾಡಬಲ್ಲರು ಅಂತ ಕೇಳಿದವರು ನನಗೆ ಕಾಣಲಿಲ್ಲ. ಫೇಲಾದವರ ಬಗ್ಗೆ ನಮಗೆ ಕಾಳಜಿ ಇದೆ, ಇರಲೇಬೇಕು. ಪಾಸಾದವರ ಬಗ್ಗೆ ನಾವು ನಿಶ್ಚಿಂತೆಯಿಂದ ಇದ್ದೇವೆ. ಹಾಗೆ ಇರಬಾರದು ಅನ್ನೋದು ನನ್ನ ಮಾತು.

ನಮ್ಮ ವರ್ಕ್‌ಶಾಪಿನಿಂದ ಒಂದು ಉದಾಹರಣೆ ಕೊಡುತ್ತೇನೆ. ಮೊದಲು ಹೇಳಿಕೊಡುವ ಕೆಲಸ ಫಿಟ್ಟಿಂಗ್. ಪ್ರತಿಯೊಬ್ಬರಿಗೂ ಒಂದು ಕಬ್ಬಿಣದ ಪಟ್ಟಿಯ ತುಂಡು ಕೊಡುತ್ತೇವೆ. ಅದನ್ನು ವೈಸ್‌ನಲ್ಲಿ ಬಿಗಿದು, ಫೈಲ್ (ಅರ) ಹಾಕಿ ಅಂಚು ಮಟ್ಟ ಮಾಡಬೇಕು. ಟ್ರೈಸ್ಕ್ವೇರ್ (ಮೂಲೆಮಟ್ಟ) ಇಟ್ಟು ಮೂಲೆ ಸರಿಯಿದೆಯಾ ನೋಡಬೇಕು. ಆಮೇಲೆ 50 ಮಿಲಿಮೀಟರಿಗೆ ಗುರುತು ಹಾಕಿ ಹ್ಯಾಕ್ಸಾದಲ್ಲಿ ಕೊಯ್ಯಬೇಕು. ವರ್ಕ್‌ಶಾಪಿನ ಸ್ಟೀಲ್ ಸ್ಕೇಲಿನ ತುದಿ ಬಳಸಿ ಬಳಸಿ ಸವೆದಿರುತ್ತದೆ. ಸೊನ್ನೆಯಿಂದ ಅಳೆದರೆ ಅರ್ಧ ಮಿಲಿಮೀಟರ್ ವ್ಯತ್ಯಾಸ ಬಂದುಬಿಡುತ್ತದೆ. ಅದಕ್ಕೇ ಇನ್‌ಸ್ಟ್ರಕ್ಟರ್ ಹೇಳುತ್ತಾರೆ: ‘ಸೊನ್ನೆಯಿಂದ ಬೇಡ, 10ರ ಗೆರೆಯಿಂದ ಹಿಡೀರಿ.’ 10ರಿಂದ ಹಿಡಿದರೆ 50 ಮಿಲಿಮೀಟರ್ ಎಲ್ಲಿಗೆ ಬರಬೇಕು? 60ರ ಗೆರೆಗೆ, ಅಲ್ವಾ? ಪ್ರತಿ ಬ್ಯಾಚಿನಲ್ಲೂ ಹಲವರು 50ರ ಗೆರೆಗೇ ಗುರುತು ಹಾಕುತ್ತಾರೆ. ಕಷ್ಟಪಟ್ಟು ಕೊಯ್ದು, ಅಂಚು ಉಜ್ಜಿ, ಬೆವರು ಒರೆಸಿಕೊಂಡು 40 ಮಿಲಿಮೀಟರಿನ ತುಂಡು ತಂದು ಕೊಡುತ್ತಾರೆ. ಗಣಿತದಲ್ಲಿ 80ರ ಮೇಲೆ ತೆಗೆದವರೂ ಆ ಗುಂಪಿನಲ್ಲಿ ಇರುತ್ತಾರೆ.

ಇದು ನಮ್ಮೊಬ್ಬರ ವರ್ಕ್‌ಶಾಪಿನ ಕತೆ ಅಲ್ಲ. ಪ್ರಥಮ್ ಸಂಸ್ಥೆಯವರು 2023ರಲ್ಲಿ 14ರಿಂದ 18 ವಯಸ್ಸಿನ ಹಳ್ಳಿ ಮಕ್ಕಳನ್ನಿಟ್ಟುಕೊಂಡು ಅಸರ್ ಅನ್ನುವ, ಮಕ್ಕಳ ಕಲಿಕೆಯನ್ನು ಅಳೆಯುವ ಸಮೀಕ್ಷೆ ಮಾಡಿದರು. 26 ರಾಜ್ಯಗಳ 28 ಜಿಲ್ಲೆ, ನಮ್ಮ ರಾಜ್ಯದಿಂದ ಮೈಸೂರು ಜಿಲ್ಲೆ. ಸ್ಕೇಲಿನ ಸೊನ್ನೆಗೆ ಸರಿಯಾಗಿ ಇಟ್ಟ ವಸ್ತುವಿನ ಉದ್ದ ಹೇಳಿ ಅಂದಾಗ ಸುಮಾರು ಶೇ. 85 ಮಕ್ಕಳು ಸರಿಯಾಗಿ ಹೇಳಿದರು. ಅದೇ ವಸ್ತುವನ್ನು ಸ್ವಲ್ಪ ಸರಿಸಿ, ಸೊನ್ನೆ ಬಿಟ್ಟು ಬೇರೆ ಗೆರೆಯಿಂದ ಇಟ್ಟಾಗ ಶೇ. 39 ಮಕ್ಕಳು ಮಾತ್ರ ಹೇಳಿದರು. ಸ್ಕೇಲು ಅದೇ, ವಸ್ತು ಅದೇ, ಮಗು ಅದೇ. ಸ್ವಲ್ಪ ಸರಿಸಿದ್ದಷ್ಟೇ.

ನನ್ನ ಮಟ್ಟಿಗೆ ನಮ್ಮ ಹೈಸ್ಕೂಲ್ ಶಿಕ್ಷಣದ ಸಂಗತಿ ಪೂರ್ತಿ ಆ ಎರಡು ಸಂಖ್ಯೆಗಳ ನಡುವೆ ಇದೆ. ಕಲಿಸಿದ ಹಾಗೇ ಕೇಳಿದರೆ ಮಕ್ಕಳಿಗೆ ಬರುತ್ತದೆ. ಕಾಲೇಜಿನಲ್ಲಾಗಲಿ ಕೆಲಸದಲ್ಲಾಗಲಿ ಯಾರೂ ಕಲಿಸಿದ ಹಾಗೇ ಕೇಳುವುದಿಲ್ಲ.

ಅದೇ ಸಮೀಕ್ಷೆಯ ಇನ್ನೆರಡು ವಿಷಯ ಹೇಳಿ ಮುಂದೆ ಹೋಗುತ್ತೇನೆ. ಮೂರಂಕಿ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸುವ ಲೆಕ್ಕ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಬರಲಿಲ್ಲ. ಇನ್ನೊಂದು, ಓಆರ್‌ಎಸ್ ಪೊಟ್ಟಣ ಕೊಟ್ಟು ಅದರ ಮೇಲಿನ ಸೂಚನೆ ಓದಿಸಿ ನಾಲ್ಕು ಪ್ರಶ್ನೆ ಕೇಳಿದರು. ಮೂರಕ್ಕಾದರೂ ಸರಿಯಾಗಿ ಉತ್ತರಿಸಿದವರು ಸುಮಾರು ಮೂರನೇ ಎರಡು ಭಾಗ. ಉಳಿದ ಮೂರನೇ ಒಂದು ಭಾಗದ ಮಕ್ಕಳು ಮನೆಯಲ್ಲಿ ತಮ್ಮನಿಗೆ ವಾಂತಿಭೇದಿ ಆದಾಗ ಏನು ಮಾಡುತ್ತಾರೆ? ಅಪ್ಪ ಹೊಲಕ್ಕೆ ತಂದ ಔಷಧಿ ಬಾಟಲಿಯ ಚೀಟಿಯನ್ನು ಮನೆಯಲ್ಲಿ ಓದಬೇಕಾದವರೂ ಇದೇ ಮಕ್ಕಳು. ನನಗೆ ಅದು ನಿದ್ದೆ ಕೆಡಿಸುವ ವಿಷಯ.

ಈಗ ‘ಪಾಸಿಂಗ್ ಪ್ಯಾಕೇಜ್’ ವಿಷಯಕ್ಕೆ ಬರುತ್ತೇನೆ. ಇಲ್ಲಿರುವ ಮೇಷ್ಟ್ರುಗಳಿಗೆ, ಮೇಡಂಗಳಿಗೆ ಇದು ಏನು ಅಂತ ಹೇಳಬೇಕಾಗಿಲ್ಲ. ಪೋಷಕರಿಗಾಗಿ ಹೇಳುತ್ತೇನೆ. ಹಿಂದುಳಿದ ಮಕ್ಕಳಿಗೆ ಇಡೀ ಪುಸ್ತಕ ಬೇಡ, ಖಂಡಿತ ಬರುವ ಪ್ರಶ್ನೆಗಳನ್ನಷ್ಟೇ ಹೇಳಿಕೊಟ್ಟು ದಾಟಿಸುವ ದಾರಿ ಇದು. ಗಣಿತದಲ್ಲಿ ಗ್ರಾಫ್, ಥೇಲ್ಸ್ ಪ್ರಮೇಯ. ವಿಜ್ಞಾನದಲ್ಲಿ ಚಿತ್ರಗಳು. ಸಮಾಜದಲ್ಲಿ ಭಾರತದ ನಕ್ಷೆ. ಪ್ರಶ್ನೆಪತ್ರಿಕೆಯ ನೀಲನಕ್ಷೆ ಮುಂದಿಟ್ಟುಕೊಂಡು ಎಲ್ಲೆಲ್ಲಿ ಎಷ್ಟೆಷ್ಟು ಅಂಕ ಸಿಗುತ್ತದೆ ಅಂತ ಲೆಕ್ಕ ಹಾಕಿ ಮಾಡಿದ್ದು. ನಾನು ಇದನ್ನು ತೆಗಳುವುದಿಲ್ಲ. ಜನವರಿ ತಿಂಗಳಲ್ಲಿ, ಭಾಗಾಕಾರ ಬಾರದ ಮಗುವನ್ನು ಮಾರ್ಚ್ ಪರೀಕ್ಷೆಗೆ ಕೂರಿಸಬೇಕು ಅಂದರೆ ಮೇಷ್ಟ್ರು ಇನ್ನೇನು ಮಾಡಬೇಕು? ಫೇಲಾದರೆ ಆ ಹುಡುಗಿಯನ್ನು ಮನೆಯಲ್ಲಿ ಕೂರಿಸಿ ಮದುವೆ ಮಾಡಿಬಿಡುತ್ತಾರೆ ಅಂತ ಅವರಿಗೆ ಗೊತ್ತು. ಕರುಣೆಯಿಂದಲೇ ಹುಟ್ಟಿದ ವ್ಯವಸ್ಥೆ ಅದು.

ಆದರೆ ಆ ಗ್ರಾಫ್ ನನ್ನ ಹತ್ತಿರ ಬಂದಾಗ ಏನಾಗುತ್ತದೆ ನೋಡಿ. ಎರಡು ಸಮೀಕರಣ ಕೊಟ್ಟರೆ ಮಗು ಕೋಷ್ಟಕ ಹಾಕುತ್ತದೆ, ಬಿಂದು ಗುರುತಿಸುತ್ತದೆ, ಎರಡು ಗೆರೆ ಎಳೆಯುತ್ತದೆ. ಪೆನ್ಸಿಲ್ ಚೂಪಾಗಿರುತ್ತದೆ, ಚೆಂದವಾಗಿ ಬರೆದಿರುತ್ತದೆ. ‘ಈ ಎರಡು ಗೆರೆ ಕೂಡಿದ ಜಾಗ ಏನು ಹೇಳುತ್ತೆ?’ ಅಂದರೆ ‘ಉತ್ತರ ಸರ್’ ಅನ್ನುತ್ತದೆ. ‘ಯಾವುದರ ಉತ್ತರ?’ ಅಂದರೆ ಸುಮ್ನೆ ನಿಲ್ಲುತ್ತದೆ. ಆಗ ನಾನು ಆಟೋ ಲೆಕ್ಕ ಹೇಳುತ್ತೇನೆ. ಒಬ್ಬ ಆಟೋದವನು ಹತ್ತಿದ್ದಕ್ಕೆ 30 ರೂಪಾಯಿ, ಆಮೇಲೆ ಕಿಲೋಮೀಟರಿಗೆ 15 ಕೇಳುತ್ತಾನೆ. ಇನ್ನೊಬ್ಬ ಹತ್ತಿದ್ದಕ್ಕೆ 50, ಕಿಲೋಮೀಟರಿಗೆ 10 ಕೇಳುತ್ತಾನೆ. ನಿನ್ನ ಮನೆ ಬಸ್‌ಸ್ಟ್ಯಾಂಡಿನಿಂದ ಎಷ್ಟು ದೂರ? ಯಾರ ಆಟೋ ಹತ್ತುತ್ತೀಯ? ಕ್ಲಾಸಿನಲ್ಲಿ ಗಲಾಟೆ ಶುರುವಾಗುತ್ತದೆ. ಲೆಕ್ಕ ಹಾಕುತ್ತಾ ಹೋಗುತ್ತಾರೆ. 4 ಕಿಲೋಮೀಟರಿಗೆ ಇಬ್ಬರದೂ 90 ರೂಪಾಯಿ ಆಗುತ್ತದೆ. ಅದಕ್ಕಿಂತ ಹತ್ತಿರ ಇದ್ದರೆ ಮೊದಲನೆಯವನು ಲಾಭ, ದೂರ ಇದ್ದರೆ ಎರಡನೆಯವನು. ಈಗ ಇದನ್ನೇ ಗ್ರಾಫ್ ಹಾಕಿ ಅನ್ನುತ್ತೇನೆ. ಗೆರೆಗಳು ಕೂಡಿದ ಜಾಗದಲ್ಲಿ 4 ಮತ್ತು 90 ಕಂಡಾಗ ಅವರ ಮುಖ ನೋಡಬೇಕು ನೀವು. ಅರ್ಥವಾಗದ ಮಕ್ಕಳೇನಲ್ಲ ಅವರು. ಅರ್ಥ ಕೇಳಿದವರೇ ಇರಲಿಲ್ಲ ಅಷ್ಟೆ. ಇದಕ್ಕೆ ಬೇಕಾಗಿದ್ದು ಒಂದು ಪೀರಿಯಡ್.

ಹೆಚ್ಚು ಅಂಕ ತೆಗೆದ ಮಕ್ಕಳ ಕತೆ ಬೇರೆ ಅಂದುಕೊಳ್ಳಬೇಡಿ. 625ಕ್ಕೆ 600 ತೆಗೆದವರು ಹೆಚ್ಚಾಗಿ ಪಿಯುಸಿ ವಿಜ್ಞಾನಕ್ಕೆ ಹೋಗುತ್ತಾರೆ. ಅಲ್ಲಿ ಭೌತಶಾಸ್ತ್ರದ ಮೊದಮೊದಲ ಪಾಠಗಳಲ್ಲೇ ಕ್ಯಾಲ್ಕುಲಸ್ ಬಂದುಬಿಡುತ್ತದೆ. ಗಣಿತದ ಮೇಷ್ಟ್ರು ಅದನ್ನು ಹೇಳಿಕೊಡುವುದು ವರ್ಷದ ಕೊನೆಯ ಹೊತ್ತಿಗೆ. ನಡುವೆ ಮಗು ಒಂಟಿ. ಹತ್ತನೇ ತರಗತಿವರೆಗೆ ಪ್ರತಿಯೊಂದಕ್ಕೂ ಕೀ ಆನ್ಸರ್ ಸಿಕ್ಕಿತ್ತು. ಈಗ ಅರ್ಥವಾಗದ್ದನ್ನು ಸ್ವಲ್ಪ ದಿನ ಹೊತ್ತುಕೊಂಡು ತಿರುಗುವ ಅಭ್ಯಾಸ ಬೇಕು. ಅದು ಆ ಮಗುವಿಗೆ ಇಲ್ಲ. ಎರಡು ಟೆಸ್ಟ್‌ನಲ್ಲಿ ಕಡಿಮೆ ಬಂದ ತಕ್ಷಣ ‘ನಾನು ದಡ್ಡ’ ಅಂತ ತೀರ್ಮಾನಿಸಿಬಿಡುತ್ತದೆ. ಹಾಸ್ಟೆಲಿನಿಂದ ರಾತ್ರಿ ಫೋನ್ ಮಾಡಿ ಅಳುವ ಮಕ್ಕಳ ಅಪ್ಪ-ಅಮ್ಮಂದಿರು ಈ ಸಭೆಯಲ್ಲೂ ಇದ್ದೀರಿ.

ನಮ್ಮಲ್ಲಿ ಮೊದಲ ವಾರದ ಮೊದಲ ಪ್ರಶ್ನೆ ಯಾವಾಗಲೂ ಒಂದೇ: ‘ನೋಟ್ಸ್ ಕೊಡಲ್ವಾ ಸರ್?’ ಪುಸ್ತಕದ ಒಂದು ಪುಟವನ್ನು ತಾನೇ ಓದಿ, ಇದರಲ್ಲಿ ಮುಖ್ಯವಾದದ್ದು ಯಾವುದು ಅಂತ ತಾನೇ ಗೆರೆ ಎಳೆದು, ತನ್ನ ಮಾತಿನಲ್ಲಿ ನಾಲ್ಕು ಸಾಲು ಬರೆಯುವ ಕೆಲಸವನ್ನು ಹತ್ತು ವರ್ಷದಲ್ಲಿ ಅವರು ಮಾಡೇ ಇರುವುದಿಲ್ಲ. ಪ್ರಯೋಗ ಮಾಡಿಸಿ ‘ಏನು ನೋಡಿದೆ, ಬರಿ’ ಅಂದರೆ ಪಕ್ಕದವನ ರೆಕಾರ್ಡ್ ನೋಡುತ್ತಾರೆ. ಕಳ್ಳತನ ಅಂತಲ್ಲ. ಬರೆಯೋದು ಅಂದರೆ ಬರೆದದ್ದನ್ನು ನೋಡಿ ಬರೆಯೋದು ಅಂತಲೇ ಅವರು ತಿಳಿದಿದ್ದಾರೆ. ಎಸ್ಸೆಸ್ಸೆಲ್ಸಿ ವಿಜ್ಞಾನಕ್ಕೆ 80 ಅಂಕ ಲಿಖಿತ, 20 ಆಂತರಿಕ. ಬೇರೆಯಾಗಿ ಪ್ರಾಯೋಗಿಕ ಪರೀಕ್ಷೆ ಇಲ್ಲ. ಹಾಗಾಗಿ ಎಷ್ಟೋ ಶಾಲೆಗಳಲ್ಲಿ ಪ್ರಯೋಗವನ್ನೂ ಬೋರ್ಡಿನ ಮೇಲೆ ಬರೆದೇ ಮುಗಿಸುತ್ತಾರೆ. ಪಿಯುಸಿ ವಿಜ್ಞಾನದಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಒಂದೊಂದಕ್ಕೂ 30 ಅಂಕದ ಪ್ರಾಯೋಗಿಕ ಪರೀಕ್ಷೆ ಇದೆ. ಆ ಮಗು ಲ್ಯಾಬಿನಲ್ಲಿ ಬ್ಯೂರೆಟ್ (ದ್ರಾವಣ ಅಳೆಯುವ ಗಾಜಿನ ಕೊಳವೆ) ಮುಟ್ಟಲು ಹೆದರುತ್ತದೆ, ಒಡೆದರೆ ದುಡ್ಡು ಕಟ್ಟಬೇಕಲ್ಲ ಅಂತ.

ಭಾಷೆಯ ವಿಷಯ ಬಿಟ್ಟಿದ್ದೇನೆ ಅಂದುಕೊಳ್ಳಬೇಡಿ. ಕನ್ನಡ ಮಾಧ್ಯಮದ ಮಗು ವಿಜ್ಞಾನವನ್ನೋ ಡಿಪ್ಲೊಮಾವನ್ನೋ ಸೇರಿದ ದಿನ ಪಾಠವೆಲ್ಲ ಇಂಗ್ಲಿಷಾಗುತ್ತದೆ. ಕಷ್ಟ ಇದೆ, ನಿಜ. ಆದರೆ ನಾನು ಕಂಡ ಹಾಗೆ ಕನ್ನಡದಲ್ಲಿ ಸರಿಯಾಗಿ ಅರ್ಥ ಮಾಡಿಕೊಂಡು ಬಂದ ಮಗು ಆರೇಳು ತಿಂಗಳಲ್ಲಿ ಮೇಲೆ ಬಂದುಬಿಡುತ್ತದೆ. ಇಂಗ್ಲಿಷಿನಲ್ಲಿ ಉರು ಹೊಡೆದು ಬಂದ ಮಗು ಮೂರು ವರ್ಷವೂ ಒದ್ದಾಡುತ್ತದೆ. ಪೋಷಕರು ಮಾಧ್ಯಮ ಬದಲಿಸಿಬಿಟ್ಟರೆ ಎಲ್ಲ ಸರಿಯಾಗುತ್ತದೆ ಅಂದುಕೊಂಡು ಎಂಟನೇ ತರಗತಿಗೆ ಮಗುವನ್ನು ಕಿತ್ತು ಪೇಟೆಯ ಇಂಗ್ಲಿಷ್ ಶಾಲೆಗೆ ಹಾಕುತ್ತಾರೆ. ಇದರಿಂದ ಆಗುವ ಇನ್ನೊಂದು ನಷ್ಟ ಬಹಳ ಜನಕ್ಕೆ ಗೊತ್ತೇ ಇಲ್ಲ. ಸಿಇಟಿ (ವೃತ್ತಿಪರ ಕೋರ್ಸುಗಳ ಪ್ರವೇಶ ಪರೀಕ್ಷೆ) ಸೀಟು ಹಂಚಿಕೆಯಲ್ಲಿ ಗ್ರಾಮೀಣ ಮಕ್ಕಳಿಗೆ ಶೇ. 15, ಕನ್ನಡ ಮಾಧ್ಯಮದವರಿಗೆ ಶೇ. 5 ಮೀಸಲಿದೆ. ಎರಡಕ್ಕೂ ಒಂದರಿಂದ ಹತ್ತನೇ ತರಗತಿವರೆಗೆ ಪೂರ್ತಿ ಹತ್ತು ವರ್ಷದ ಲೆಕ್ಕ ಬೇಕು. ಎಂಟಕ್ಕೆ ಪೇಟೆಗೆ ಹೋದರೆ ಏಳು ವರ್ಷ ಹಳ್ಳಿಯಲ್ಲಿ ಓದಿದ್ದು ಲೆಕ್ಕಕ್ಕೆ ಬರುವುದಿಲ್ಲ. ಏಳನೇ ತರಗತಿ ಮುಗಿಯುವಾಗಲೇ ಯಾರಾದರೂ ಇದನ್ನು ಪೋಷಕರಿಗೆ ಕೂರಿಸಿ ಹೇಳಬೇಕು. ಸಿಇಟಿ ಅರ್ಜಿ ತುಂಬುವ ದಿನ ಸೈಬರ್ ಸೆಂಟರಿನಲ್ಲಿ ಗೊತ್ತಾದರೆ ಏನು ಪ್ರಯೋಜನ?

ಇಲ್ಲಿಂದ ಕೆಲಸದ ವಿಷಯಕ್ಕೆ ಬರೋಣ. ಹೈಸ್ಕೂಲಿನಲ್ಲೇ ಕೈಕೆಲಸ ಕಲಿಸಬೇಕು ಅನ್ನೋದು ಹೊಸ ಮಾತಲ್ಲ. ಗಾಂಧೀಜಿ 1937ರಲ್ಲಿ ವಾರ್ಧಾದಲ್ಲಿ ಹೇಳಿದರು. ಮುದಲಿಯಾರ್ ಆಯೋಗ 1952-53ರಲ್ಲಿ ವಿವಿಧೋದ್ದೇಶ ಪ್ರೌಢಶಾಲೆ ಬೇಕು ಅಂದಿತು. ಕೊಠಾರಿ ಆಯೋಗ 1964-66ರಲ್ಲಿ ಕಾರ್ಯಾನುಭವ ಅಂದಿತು. ನನ್ನ ವಯಸ್ಸಿನವರಿಗೆ ಕ್ರಾಫ್ಟ್ ಮೇಷ್ಟ್ರು ನೆನಪಿರಬೇಕು. ನೇಯ್ಗೆ, ಮರಗೆಲಸ, ಹೊಲಿಗೆ. ಟೈಮ್‌ಟೇಬಲಿನಲ್ಲಿ ಎಸ್‌ಯುಪಿಡಬ್ಲ್ಯು (ಸಮಾಜೋಪಯೋಗಿ ಉತ್ಪಾದಕ ಕೆಲಸ) ಅಂತ ಒಂದು ಪೀರಿಯಡ್ ಇರುತ್ತಿತ್ತು, ಅದನ್ನು ಗಣಿತದವರು ತೆಗೆದುಕೊಳ್ಳುತ್ತಿದ್ದರು. ನಮ್ಮ ರಾಜ್ಯದಲ್ಲಿ ಜೂನಿಯರ್ ಟೆಕ್ನಿಕಲ್ ಸ್ಕೂಲ್‌ಗಳೂ ಇವೆ. ಅಲ್ಲಿ ಎಸ್ಸೆಸ್ಸೆಲ್ಸಿಯಲ್ಲೇ ಇಂಜಿನಿಯರಿಂಗ್ ಡ್ರಾಯಿಂಗು, ಎಲೆಕ್ಟ್ರಿಕಲ್ಲು ಕಲಿಯಬಹುದು. ಇವು ಇರುವುದು ಎಷ್ಟು ಜನಕ್ಕೆ ಗೊತ್ತು? ಅಲ್ಲಿಂದ ಬಂದ ಹುಡುಗರು ಡ್ರಾಯಿಂಗ್ ಹಾಲಿನಲ್ಲಿ ಡ್ರಾಫ್ಟರ್ ಹಿಡಿಯುವುದನ್ನು ನೋಡಿಯೇ ಗುರುತು ಹಿಡಿಯಬಹುದು, ಅಷ್ಟು ಸಲೀಸು.

ಈಗ ಎನ್‌ಎಸ್‌ಕ್ಯುಎಫ್ (ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು) ಅಂತ ಬಂದಿದೆ. ಕೆಲವು ಸರ್ಕಾರಿ ಪ್ರೌಢಶಾಲೆಗಳಲ್ಲಿ ಒಂಬತ್ತನೇ ತರಗತಿಯಿಂದ ತೃತೀಯ ಭಾಷೆಯ ಬದಲು ಐಟಿ, ಆಟೋಮೊಬೈಲ್, ರೀಟೇಲ್, ಬ್ಯೂಟಿ ಅಂಡ್ ವೆಲ್‌ನೆಸ್ ಇಂಥ ವಿಷಯ ತೆಗೆದುಕೊಳ್ಳಬಹುದು. ಒಳ್ಳೆಯ ಯೋಜನೆ. ಆದರೆ ಬಹಳ ಕಡೆ ಇದನ್ನು ‘ಹಿಂದಿ ಬರದ ಮಕ್ಕಳಿಗೆ’ ಅಂತ ಹಂಚುತ್ತಾರೆ. ಆಟೋಮೊಬೈಲ್ ತೆಗೆದುಕೊಂಡ ಹುಡುಗ ಊರಿನ ಗ್ಯಾರೇಜಿಗೆ ಒಂದು ದಿನವೂ ಹೋಗಿರುವುದಿಲ್ಲ, ಪುಸ್ತಕದಲ್ಲಿ ಇಂಜಿನ್ನಿನ ಚಿತ್ರ ಬರೆದಿರುತ್ತಾನೆ. ಅದೂ ಇನ್ನೊಂದು ಚಿತ್ರದ ಪ್ರಶ್ನೆ ಆಗಿಹೋಯಿತು. 2020ರ ಶಿಕ್ಷಣ ನೀತಿಯಲ್ಲಿ 2025ರೊಳಗೆ ಅರ್ಧದಷ್ಟಾದರೂ ವಿದ್ಯಾರ್ಥಿಗಳಿಗೆ ವೃತ್ತಿ ಶಿಕ್ಷಣದ ಪರಿಚಯ ಆಗಬೇಕು ಅಂತ ಇತ್ತು. ಆಗಲೇ ಹೇಳಿದ ಅಸರ್ ಸಮೀಕ್ಷೆಯಲ್ಲಿ ಯಾವುದಾದರೂ ವೃತ್ತಿ ತರಬೇತಿ ಪಡೆಯುತ್ತಿದ್ದ ಮಕ್ಕಳು ಶೇ. 5.6.

ಪೋಷಕರೇ, ಇದು ನಿಮಗೆ. ಅಡ್ಮಿಷನ್ ಸಮಯದಲ್ಲಿ ಪ್ರತಿ ವರ್ಷ ಕೇಳುವ ಮಾತು ಇದೆ: ‘ಐಟಿಐ ಸೇರಿಸಿದರೆ ಮುಂದೆ ಓದೋಕಾಗಲ್ವಂತೆ ಸರ್.’ ಯಾರು ಹೇಳಿದರು? ಎಸ್ಸೆಸ್ಸೆಲ್ಸಿ ಆದ ಮೇಲೆ ಎರಡು ವರ್ಷದ ಐಟಿಐ ಮುಗಿಸಿದ ಹುಡುಗ ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರ ಸೇರಬಹುದು. ಡಿಪ್ಲೊಮಾ ಮುಗಿಸಿ ಡಿಸಿಇಟಿ (ಡಿಪ್ಲೊಮಾದವರ ಪ್ರವೇಶ ಪರೀಕ್ಷೆ) ಬರೆದು ಬಿಇ ಎರಡನೇ ವರ್ಷಕ್ಕೆ ಸೇರಬಹುದು. ಎರಡು, ಎರಡು, ಮೂರು. ಏಳು ವರ್ಷಕ್ಕೆ ಇಂಜಿನಿಯರ್. ಪಿಯುಸಿ ಮೂಲಕ ಹೋದವನಿಗೆ ಆರು ವರ್ಷ. ಒಂದೇ ವರ್ಷದ ವ್ಯತ್ಯಾಸ. ಆದರೆ ಐಟಿಐನಿಂದ ಹೋದವನ ಕೈಯಲ್ಲಿ ಎರಡನೇ ವರ್ಷಕ್ಕೇ ಒಂದು ಕೆಲಸ ಇರುತ್ತದೆ. ಮನೆಯಲ್ಲಿ ಕಷ್ಟ ಬಂದರೆ ನಿಲ್ಲಿಸಿ ದುಡಿಯಬಹುದು, ಸರಿಹೋದಾಗ ಮತ್ತೆ ಓದಬಹುದು. ಅಂಕ, ಸೀಟು ಅಂತ ಷರತ್ತುಗಳಿವೆ, ಇಲ್ಲ ಅನ್ನುವುದಿಲ್ಲ. ಆದರೆ ದಾರಿ ಇದೆ.

ಜಿಟಿಟಿಸಿ ಕೂಡ ಇದೆ. ಸರ್ಕಾರದ್ದೇ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ, 1972ರಲ್ಲಿ ಡೆನ್ಮಾರ್ಕ್ ಸಹಕಾರದಿಂದ ಬೆಂಗಳೂರಲ್ಲಿ ಶುರುವಾಗಿದ್ದು. ಈಗ ಬೇರೆ ಬೇರೆ ಜಿಲ್ಲೆಗಳಲ್ಲೂ ಇದೆ. ಎಸ್ಸೆಸ್ಸೆಲ್ಸಿ ಆದವರಿಗೆ ಟೂಲ್ ಅಂಡ್ ಡೈ ಮೇಕಿಂಗ್ (ಕಾರ್ಖಾನೆಯ ಉಪಕರಣ, ಅಚ್ಚು ತಯಾರಿಸುವ) ಡಿಪ್ಲೊಮಾ. ಮೂರು ವರ್ಷ ಕಲಿಕೆ, ಒಂದು ವರ್ಷ ಕಾರ್ಖಾನೆಯಲ್ಲಿ. ಬಿಡದಿಯಲ್ಲಿ ಟೊಯೋಟಾದವರು 2007ರಿಂದ ಹತ್ತನೇ ತರಗತಿ ಮುಗಿಸಿದ ಬಡ ಮಕ್ಕಳಿಗೆ ವಸತಿ ಸಹಿತ ತರಬೇತಿ ಕೊಡುತ್ತಿದ್ದಾರೆ. ನಮ್ಮ ಕಡೆಯ ಎಷ್ಟು ಹೈಸ್ಕೂಲುಗಳ ನೋಟಿಸ್ ಬೋರ್ಡಿನಲ್ಲಿ ಇವುಗಳ ಹೆಸರಿದೆ?

ಹೆಣ್ಣುಮಕ್ಕಳ ವಿಷಯ ಒಂದು ಮಾತು. ನಮ್ಮ ಕಡೆ ಹುಡುಗಿ ಮುಂದೆ ಏನು ಓದಬೇಕು ಅನ್ನೋದನ್ನು ತೀರ್ಮಾನಿಸುವುದು ಬಸ್ಸು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಟಿಕೆಟ್ಟಿನ ಚಿಂತೆ ಹೋಯಿತು, ಟೈಮಿನ ಚಿಂತೆ ಹೋಗಿಲ್ಲ. ನಮ್ಮಲ್ಲಿ ಮಧ್ಯಾಹ್ನದ ಲ್ಯಾಬು ಮುಗಿಯುವುದು ಸಂಜೆ ನಾಲ್ಕೂವರೆಗೆ. ಕೊನೇ ಬಸ್ಸು ಐದಕ್ಕೆ ಅಂದರೆ ಅಪ್ಪ ಒಪ್ಪುವುದಿಲ್ಲ, ಹತ್ತಿರದ ಕಾಲೇಜಿನಲ್ಲಿ ಇರುವ ಕಲಾ ವಿಭಾಗಕ್ಕೇ ಸೇರಿಸುತ್ತಾನೆ. ಕಲಾ ವಿಭಾಗ ಕಡಿಮೆ ಅಂತ ನಾನು ಹೇಳುತ್ತಿಲ್ಲ. ಇಷ್ಟಪಟ್ಟು ಎಚ್‌ಇಪಿಎಸ್ (ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ) ತೆಗೆದುಕೊಂಡು ಕೆಎಎಸ್ ಕಡೆಗೆ ಹೋಗುವವರು ಇದ್ದಾರೆ. ಸರ್ಕ್ಯೂಟ್ ಬಿಚ್ಚಿ ನೋಡುವ ಕುತೂಹಲ ಇದ್ದ ಹುಡುಗಿ ಬಸ್ಸಿಲ್ಲ ಅಂತ ಅದನ್ನು ಬಿಡಬಾರದು ಅಂತ ಮಾತ್ರ. ಹೈಸ್ಕೂಲಿನ ಮುಖ್ಯ ಶಿಕ್ಷಕರು ಮತ್ತು ನಮ್ಮ ಪ್ರಿನ್ಸಿಪಾಲರು ಸೇರಿ ಡಿಪೋ ಮ್ಯಾನೇಜರಿಗೆ ಒಂದು ಅರ್ಜಿ ಕೊಟ್ಟರೆ ಬಸ್ಸಿನ ಸಮಯ ಅರ್ಧ ಗಂಟೆ ಹಿಂದೆ ಮುಂದೆ ಆಗಬಹುದು. ಕೇಳಿಯೇ ನೋಡದೆ ಕೈಬಿಡುವುದು ಬೇಡ.

ಹಾಗಾದರೆ ಏನು ಮಾಡಬೇಕು? ಹತ್ತನೇ ತರಗತಿಯನ್ನು ನಾನು ಮುಟ್ಟುವುದಿಲ್ಲ. ಅದು ಪರೀಕ್ಷೆಯ ವರ್ಷ, ಅದರಲ್ಲಿ ಜಾಗ ಇಲ್ಲ. ನಾನು ಕೇಳುವುದು ಒಂಬತ್ತನೇ ತರಗತಿ. ಎಂಟಕ್ಕೆ ಮಕ್ಕಳು ಹೊಸ ಶಾಲೆಗೆ ಬಂದು ಹೊಂದಿಕೊಳ್ಳುತ್ತಿರುತ್ತಾರೆ. ಹತ್ತಕ್ಕೆ ಎಲ್ಲರ ಕಣ್ಣು ಅವರ ಮೇಲೆ. ಒಂಬತ್ತರ ಕಡೆಗೆ ಯಾರೂ ನೋಡುವುದಿಲ್ಲ. ಕೆಲವು ಶಾಲೆಗಳಲ್ಲಿ ಜನವರಿಗೇ ಒಂಬತ್ತನ್ನು ಮುಗಿಸಿ ಹತ್ತರ ಪಾಠ ಶುರು ಮಾಡುತ್ತಾರೆ. ಆ ಮೂರು ತಿಂಗಳನ್ನು ದಯವಿಟ್ಟು ಮಕ್ಕಳಿಗೆ ಬಿಟ್ಟುಕೊಡಿ.

ಆ ಅವಧಿಯಲ್ಲಿ ಪ್ರತಿ ವಿಷಯದಲ್ಲೂ ಒಂದು ಪಾಠವನ್ನು ಮೇಷ್ಟ್ರು ಮಾಡದೆ ಇರಲಿ. ಮಕ್ಕಳೇ ಓದಿ, ತಮ್ಮ ಮಾತಿನಲ್ಲಿ ಒಂದು ಪುಟ ಬರೆದು ತರಲಿ. ತಪ್ಪಿದ್ದರೂ ಪರವಾಗಿಲ್ಲ, ಇಬ್ಬರದು ಒಂದೇ ಥರ ಇರಬಾರದು ಅಷ್ಟೆ. ಕನ್ನಡದಲ್ಲಿ ಬರೆದು ಪಕ್ಕದಲ್ಲಿ ಇಂಗ್ಲಿಷ್ ಪಾರಿಭಾಷಿಕ ಪದ ಬರೆದುಕೊಂಡರೆ ಮುಂದಿನ ವರ್ಷಗಳಿಗೆ ದೊಡ್ಡ ಸಹಾಯ. ಶಾಲೆಯ ಕಟ್ಟೆ, ಕಿಟಕಿ, ನೀರಿನ ತೊಟ್ಟಿ ಅಳೆಯಲಿ. ತೊಟ್ಟಿಯಲ್ಲಿ ಎಷ್ಟು ಲೀಟರ್ ಹಿಡಿಯುತ್ತದೆ ಅಂತ ಲೆಕ್ಕ ಹಾಕಿ, ಬಕೆಟ್ಟಿನಿಂದ ತುಂಬಿಸಿ ಸರಿಯಾಯಿತಾ ನೋಡಲಿ. ಸಮಾಜ ವಿಜ್ಞಾನದಲ್ಲಿ ಬ್ಯಾಂಕ್ ವ್ಯವಹಾರ ಅಂತ ಪಾಠ ಇದೆ. ಖಾತೆಗಳ ವಿಧ ಎಷ್ಟು ಅಂದರೆ ಮಕ್ಕಳು ಪಟಪಟ ಹೇಳುತ್ತಾರೆ. ಅದೇ ಮಕ್ಕಳು ನಮ್ಮಲ್ಲಿ ಫೀಸ್ ಕಟ್ಟುವ ದಿನ ಚಲನ್ ಹಿಡಿದು ಕಣ್ಣು ಕಣ್ಣು ಬಿಡುತ್ತಾರೆ. ಒಂದು ಚಲನ್, ಒಂದು ಸ್ಕಾಲರ್‌ಶಿಪ್ ಅರ್ಜಿ, ರಜೆ ಕೇಳಿ ಒಂದು ಪತ್ರ, ಇಷ್ಟನ್ನು ತುಂಬಲು ಬಂದರೆ ಸಾಕು. ಆಗಲೇ ಆಧಾರ್‌ನಲ್ಲಿರುವ ಹೆಸರು ಮತ್ತು ಶಾಲೆಯ ದಾಖಲೆಯ ಹೆಸರು ಒಂದೇ ಇದೆಯಾ ನೋಡಿಬಿಡಿ. ಇನಿಷಿಯಲ್ ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ ಇದ್ದದ್ದಕ್ಕೆ ಸ್ಕಾಲರ್‌ಶಿಪ್ ಬಾರದೆ ಓದು ಬಿಡುವ ಹಂತಕ್ಕೆ ಬಂದ ಮಕ್ಕಳನ್ನು ನಾನು ಕಂಡಿದ್ದೇನೆ. ಹತ್ತನೇ ತರಗತಿಯ ಮಾರ್ಕ್ಸ್ ಕಾರ್ಡ್ ಬಂದ ಮೇಲೆ ಅದನ್ನು ತಿದ್ದಿಸುವುದು ಎಷ್ಟು ಓಡಾಟ ಅಂತ ನಿಮಗೇ ಗೊತ್ತು.

ಇನ್ನೊಂದು. ಶಾಲೆಗೆ ಹಳೇ ವಿದ್ಯಾರ್ಥಿಗಳನ್ನು ಕರೆಸುತ್ತೀರಿ, ಸಂತೋಷ. ಹೆಚ್ಚಾಗಿ ಹೊರದೇಶದಲ್ಲಿ ಇರುವವರನ್ನೋ ದೊಡ್ಡ ಅಧಿಕಾರಿಗಳನ್ನೋ ಕರೆಸುತ್ತೀರಿ. ಅವರ ಜೊತೆಗೆ ಹೋದ ವರ್ಷ ತಾನೇ ನಿಮ್ಮ ಶಾಲೆ ಬಿಟ್ಟು ಹೋದವರನ್ನೂ ಕರೆಸಿ. ಪಿಯುಸಿ ಮೊದಲ ವರ್ಷದಲ್ಲಿ ಇರುವ ಹುಡುಗಿ, ಐಟಿಐ ಸೇರಿದ ಹುಡುಗ, ಫೇಲಾಗಿ ಮತ್ತೆ ಪರೀಕ್ಷೆ ಕಟ್ಟಿ ಪಾಸಾದವನು. ದೊಡ್ಡವರ ಮುಂದೆ ‘ಡೌಟ್ ಇದೆಯಾ’ ಅಂದರೆ ಇಡೀ ಕ್ಲಾಸು ‘ಇಲ್ಲ ಸರ್’ ಅನ್ನುತ್ತದೆ. ಇವರ ಮುಂದೆ ಹಾಗಾಗುವುದಿಲ್ಲ. ಅಕ್ಕಾ, ಹಾಸ್ಟೆಲಿನಲ್ಲಿ ಊಟ ಹೇಗಿರುತ್ತೆ? ಇಂಗ್ಲಿಷಲ್ಲಿ ಅರ್ಥ ಆಗದಿದ್ದರೆ ಏನು ಮಾಡ್ತೀಯ? ಅಕೌಂಟ್ಸ್ ಕಷ್ಟನಾ? ಇಂಥ ಪ್ರಶ್ನೆಗಳಿಗೆ ಸರಿಯಾದ ಉತ್ತರ ಅವರ ಹತ್ತಿರ ಮಾತ್ರ ಇದೆ.

ಮೊದಲ ಸಾಲಿನಲ್ಲಿ ಕೂತಿರುವ ಮೇಷ್ಟ್ರೊಬ್ಬರು ಆಗಲೇ ಮಧ್ಯದಲ್ಲಿ ಕೇಳಿದರು: ‘ರಿಸಲ್ಟ್ ಕಮ್ಮಿ ಆದರೆ ನೋಟಿಸ್ ಬರೋದು ನಮಗೆ. ಮೂರು ತಿಂಗಳು ಬಿಟ್ಟುಕೊಟ್ಟು ಕೂರೋದು ಹೇಗೆ?’ ನ್ಯಾಯವಾದ ಪ್ರಶ್ನೆ. ಅದರ ಜೊತೆಗೆ ಸಮೀಕ್ಷೆ, ಚುನಾವಣೆ, ಆನ್‌ಲೈನ್ ಎಂಟ್ರಿ ಎಲ್ಲ ನಿಮ್ಮ ತಲೆಮೇಲೆ. ನೋಟಿಸ್ ಕೊಡುವವರು ಕೇಳುವುದು ಒಂದೇ ಸಂಖ್ಯೆ, ಎಷ್ಟು ಪರ್ಸೆಂಟ್ ಪಾಸ್ ಅಂತ. ಯಾಕೆ? ಅವರ ಹತ್ತಿರ ಬೇರೆ ಸಂಖ್ಯೆಯೇ ಇಲ್ಲ. ನಿಮ್ಮ ಶಾಲೆಯಿಂದ ಹೋದ ಮಕ್ಕಳಲ್ಲಿ ಎಷ್ಟು ಜನ ಮುಂದಿನ ವರ್ಷ ಸೆಪ್ಟೆಂಬರಿನಲ್ಲೂ ಕಾಲೇಜಿನಲ್ಲಿ ಇದ್ದರು, ಯಾವ ವಿಷಯದಲ್ಲಿ ಒದ್ದಾಡಿದರು ಅಂತ ನಿಮಗೆ ಯಾರೂ ತಿಳಿಸುವುದಿಲ್ಲ. ತಿಳಿಸಬೇಕಾದವರು ನಾವು. ಅದಕ್ಕೇ ನಮ್ಮ ಪ್ರಿನ್ಸಿಪಾಲರ ಜೊತೆ ಮಾತಾಡಿ ಒಂದು ಒಪ್ಪಿಗೆ ತಂದಿದ್ದೇನೆ. ಈ ವರ್ಷದಿಂದ ಮೊದಲ ಇಂಟರ್ನಲ್ಸ್ ಮುಗಿದ ಮೇಲೆ ಈ ತಾಲ್ಲೂಕಿನ ಪ್ರತಿ ಹೈಸ್ಕೂಲಿಗೂ ನಮ್ಮಿಂದ ಒಂದು ಪತ್ರ ಬರುತ್ತದೆ. ಮಕ್ಕಳ ಹೆಸರು ಹಾಕುವುದಿಲ್ಲ. ನಿಮ್ಮ ಶಾಲೆಯಿಂದ ಇಷ್ಟು ಜನ ಬಂದರು, ಇಷ್ಟು ಜನ ಬರುವುದು ನಿಲ್ಲಿಸಿದರು, ಇವು ಅವರಿಗೆ ಬರುತ್ತದೆ, ಇವು ಬರುವುದಿಲ್ಲ ಅಂತ ಇರುತ್ತದೆ. ಪಿಯು ಕಾಲೇಜಿನವರೂ, ಐಟಿಐನವರೂ ಇದನ್ನೇ ಮಾಡಲಿ ಅಂತ ಕೇಳಿಕೊಂಡಿದ್ದೇವೆ. ಆ ಪತ್ರವನ್ನು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಓದಿ. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೂ ಒಂದು ಪ್ರತಿ ಕಳಿಸುತ್ತೇವೆ.

ದಸರಾ ರಜೆ ಮುಗಿದ ಮೇಲೆ ಶನಿವಾರ ಮಧ್ಯಾಹ್ನ ನಮ್ಮ ವರ್ಕ್‌ಶಾಪು ಒಂಬತ್ತನೇ ತರಗತಿ ಮಕ್ಕಳಿಗೆ ತೆರೆದಿರುತ್ತದೆ. ಒಂದು ಸಲಕ್ಕೆ ಇಪ್ಪತ್ತು ಮಕ್ಕಳು. ಹುಡುಗಿಯರೂ ಬರಬೇಕು. ಅಳೆಯೋದು, ಗುರುತು ಹಾಕೋದು, ಕೊಯ್ಯೋದು ಮಾಡಿಸುತ್ತೇವೆ. ವೈರಿಂಗ್ ಬೋರ್ಡಿನಲ್ಲಿ ಒಂದು ಬಲ್ಬು ಹತ್ತಿಸುವುದನ್ನೂ ಹೇಳಿಕೊಡುತ್ತೇವೆ. ಕಾಲಿಗೆ ಶೂ ಇರಬೇಕು, ಚಪ್ಪಲಿಯಲ್ಲಿ ಒಳಗೆ ಬಿಡುವುದಿಲ್ಲ. ಜೊತೆಗೆ ಒಬ್ಬ ಶಿಕ್ಷಕರು ಬಂದರೆ ಸಾಕು. ಯಾವ ಶನಿವಾರ ಯಾವ ಶಾಲೆ ಅಂತ ಬರೆದುಕೊಳ್ಳಲು ಬಾಗಿಲ ಹತ್ತಿರ ಒಂದು ಪಟ್ಟಿ ಇಟ್ಟಿದ್ದೇವೆ. ಮುಖ್ಯ ಶಿಕ್ಷಕರು ಊಟಕ್ಕೆ ಹೋಗುವ ಮೊದಲು ಅದರಲ್ಲಿ ಶಾಲೆಯ ಹೆಸರು ಬರೆಯಿರಿ.